ಕರ್ನಲ್‌ನ ಲೆಕ್ಕ ತಪ್ಪಿದಾಗ: ಗಣಕ ನಿಲ್ಲಬೇಕೇ, ಮುಂದುವರಿಯಬೇಕೇ?

2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ಸ್ತಬ್ಧಗೊಂಡವು. ಬ್ಯಾಂಕು, ಆಸ್ಪತ್ರೆ, ಸುದ್ದಿವಾಹಿನಿಗಳು ಪರದಾಡಿದವು. ಬೆಂಗಳೂರು ಸೇರಿದಂತೆ ನಮ್ಮ ವಿಮಾನ ನಿಲ್ದಾಣಗಳಲ್ಲಿಯೂ ಅಂದು ಪ್ರಯಾಣಿಕರ ಸಾಲು ಬೆಳೆಯಿತು. ದೇಶದ ಕೆಲವೆಡೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಡಲಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ಪರಿಷ್ಕೃತ ಕಡತ ಇದಕ್ಕೆ ಕಾರಣವಾಗಿತ್ತು. 20 ಮೌಲ್ಯಗಳಷ್ಟೇ ಇದ್ದ ಜಾಗದಲ್ಲಿ ಆ ಸಂಸ್ಥೆಯ ತಂತ್ರಾಂಶ 21ನೆಯದನ್ನು ಓದಲು ಹೋಗಿತ್ತು.

ತಪ್ಪು ಯಾರದೆಂಬ ಚರ್ಚೆ ಬೇಕಾದಷ್ಟು ನಡೆಯಿತು. ಆ ಗದ್ದಲದಲ್ಲಿ ಹೆಚ್ಚು ಮಂದಿ ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಎಲ್ಲೋ ಒಂದು ಸಾಲಿನಲ್ಲಾದ ತಪ್ಪಿಗೆ ಇಡೀ ಗಣಕ ಏಕೆ ನಿಲ್ಲಬೇಕು? ತಪ್ಪು ಮಾಡಿದ ತಂತ್ರಾಂಶವನ್ನಷ್ಟೇ ಹೊರಗಟ್ಟಿ ಉಳಿದ ಕೆಲಸವನ್ನು ಮುಂದುವರಿಸಬಾರದಿತ್ತೇ?

ನಾವು ದಿನನಿತ್ಯ ಬಳಸುವ ತಂತ್ರಾಂಶಗಳಲ್ಲಿ ನಡೆಯುವುದು ಹಾಗೆಯೇ. ಬ್ರೌಸರ್ ಕೆಟ್ಟರೆ ಬ್ರೌಸರ್ ಮಾತ್ರ ಮುಚ್ಚಿಕೊಳ್ಳುತ್ತದೆ. ಅದನ್ನು ಮುಚ್ಚುವ, ಅದು ಹಿಡಿದಿದ್ದ ಮೆಮೊರಿಯನ್ನು ವಾಪಸು ಪಡೆಯುವ ಯಜಮಾನ ಬೇರೊಬ್ಬನಿದ್ದಾನೆ. ಅವನೇ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್. ಆದರೆ ಕ್ರೌಡ್‌ಸ್ಟ್ರೈಕ್‌ನ ತಂತ್ರಾಂಶ ಓಡುತ್ತಿದ್ದುದು ಕರ್ನಲ್‌ನ ಒಳಗೇ. ಅಲ್ಲಿ ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಗೋಡೆಯಿಲ್ಲ. ಕರ್ನಲ್ ಕೆಟ್ಟರೆ ಅದನ್ನು ವಿಚಾರಿಸಲು ಮೇಲಿನವರು ಯಾರೂ ಇಲ್ಲ.

ಅಂದಿನ ಪ್ರಕರಣದಲ್ಲಿ ತಪ್ಪು ಎದ್ದು ಕಾಣುವಂಥದು. ಇಲ್ಲದ ವಿಳಾಸಕ್ಕೆ ಕೈಹಾಕಿದ ಕೂಡಲೇ ಸಂಸ್ಕರಣ ಚಿಪ್ಪೇ ತಡೆದು ದೂರು ಕೊಡುತ್ತದೆ. ಇದಕ್ಕಿಂತ ಜಟಿಲವಾದ ಸ್ಥಿತಿಯೊಂದಿದೆ. ಕರ್ನಲ್ ತನ್ನದೇ ದಾಖಲೆಗಳನ್ನು ತಾಳೆ ನೋಡುವಾಗ ಅವು ಒಂದಕ್ಕೊಂದು ಹೊಂದುತ್ತಿಲ್ಲ ಎಂದು ಗೊತ್ತಾಗುವುದು. ಯಾರೂ ದೂರು ಕೊಟ್ಟಿಲ್ಲ, ಯಂತ್ರ ಓಡುತ್ತಲೇ ಇದೆ, ಆದರೆ ಲೆಕ್ಕ ಸುಳ್ಳಾಗಿದೆ. ಆಗ ಏನು ಮಾಡಬೇಕೆಂಬ ವಿಷಯದಲ್ಲಿ ಪರಿಣತರಲ್ಲೇ ಹಲವು ವರ್ಷಗಳ ಭಿನ್ನಾಭಿಪ್ರಾಯವಿದೆ.

ಸರದಿಯ ಲೆಕ್ಕ

ಜನ ಕಿಕ್ಕಿರಿದ, ಟೋಕನ್ ವ್ಯವಸ್ಥೆಯಿಲ್ಲದ ದವಾಖಾನೆಯೊಂದನ್ನು ನೆನಪಿಸಿಕೊಳ್ಳಿ. ಬಂದವರು "ಕೊನೆಯವರು ಯಾರು?" ಎಂದು ಕೇಳಿಕೊಂಡು ಖಾಲಿಯಿದ್ದ ಕುರ್ಚಿಯಲ್ಲಿ ಕೂರುತ್ತಾರೆ. ಕುರ್ಚಿಗಳ ಕ್ರಮಕ್ಕೂ ಸರದಿಗೂ ಸಂಬಂಧವಿಲ್ಲ. ಪ್ರತಿಯೊಬ್ಬರಿಗೂ ತಿಳಿದಿರುವುದು ಎರಡೇ ಸಂಗತಿ: ತನ್ನ ಮುಂದೆ ಯಾರು, ತನ್ನ ಹಿಂದೆ ಯಾರು. ನಡುವಿನಿಂದ ಎದ್ದುಹೋಗುವವರು ಮುಂದಿನವರಿಗೂ ಹಿಂದಿನವರಿಗೂ ಪರಸ್ಪರರನ್ನು ತೋರಿಸಿ ಹೋದರೆ ಸರದಿ ಮತ್ತೆ ಕೂಡಿಕೊಳ್ಳುತ್ತದೆ.

ಕರ್ನಲ್‌ನೊಳಗಿನ ಅಸಂಖ್ಯ ಪಟ್ಟಿಗಳು ಹೀಗೆಯೇ ಇರುತ್ತವೆ. ಓಡುತ್ತಿರುವ ತಂತ್ರಾಂಶಗಳು, ತೆರೆದಿರುವ ಕಡತಗಳು, ಡಿಸ್ಕಿನ ಉತ್ತರಕ್ಕಾಗಿ ಕಾಯುತ್ತಿರುವ ಕೋರಿಕೆಗಳು ಮೆಮೊರಿಯಲ್ಲಿ ಅಲ್ಲಲ್ಲಿ ಚದುರಿ ಕೂತಿರುತ್ತವೆ. ಪ್ರತಿಯೊಂದರಲ್ಲೂ ಹಿಂದಿನದರ ಮತ್ತು ಮುಂದಿನದರ ವಿಳಾಸ ಬರೆದಿರುತ್ತದೆ. ಇದಕ್ಕೆ ಲಿಂಕ್ಡ್ ಲಿಸ್ಟ್, ಅಂದರೆ ಕೊಂಡಿಪಟ್ಟಿ ಎಂದು ಹೆಸರು.

ಈ ರಚನೆಯಲ್ಲಿ ತಪ್ಪು ಹಿಡಿಯುವುದು ಸುಲಭ. ಒಂದು ಕೊಂಡಿಯನ್ನು ತೆಗೆಯುವ ಮೊದಲು ಅದರ ಇಬ್ಬರು ನೆರೆಯವರನ್ನು ವಿಚಾರಿಸಿದರಾಯಿತು. ಮುಂದಿನವನನ್ನು "ನಿನ್ನ ಹಿಂದಿರುವುದು ನಾನೇ ತಾನೆ?" ಎಂದೂ ಹಿಂದಿನವನನ್ನು "ನಿನ್ನ ಮುಂದಿರುವುದು ನಾನೇ ತಾನೆ?" ಎಂದೂ ಕೇಳಬೇಕು. ಎರಡೇ ಹೋಲಿಕೆಗಳು. ಇಬ್ಬರಲ್ಲಿ ಒಬ್ಬ "ನೀನು ಯಾರೋ ಗೊತ್ತಿಲ್ಲ" ಎಂದರೂ ಪಟ್ಟಿ ಕೆಟ್ಟಿದೆ ಎಂದರ್ಥ.

ಕೆಡುವುದಕ್ಕೆ ಕಾರಣ ಹಲವು. ಬಹುತೇಕ ಸಂದರ್ಭಗಳಲ್ಲಿ ಅದು ತಂತ್ರಾಂಶ ಬರೆದವರ ತಪ್ಪು: ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದು, ಒಂದೇ ಕೊಂಡಿಯನ್ನು ಎರಡು ಬಾರಿ ತೆಗೆಯುವುದು ಇತ್ಯಾದಿ. ಯಂತ್ರಾಂಶದ ದೋಷವೂ ಅಪರೂಪವಲ್ಲ. ಗೂಗಲ್‌ನ ಸರ್ವರ್‌ಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ವರ್ಷವೊಂದರಲ್ಲಿ ಶೇ 8ಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಕೆಗಳಲ್ಲಿ ದೋಷ ಕಾಣಿಸಿಕೊಂಡಿತ್ತು. ಮೂರನೆಯ ಕಾರಣ ದುರುದ್ದೇಶ.

ಕುರ್ಚಿಯಲ್ಲಿ ಕೂತ ಅಪರಿಚಿತ

ದವಾಖಾನೆಯ ಉದಾಹರಣೆಗೇ ಬನ್ನಿ. ಒಬ್ಬರು ಹೇಳದೆ ಎದ್ದುಹೋದರು. ಅವರ ಹಿಂದಿನವರು ಇನ್ನೂ ಆ ಕುರ್ಚಿಯನ್ನೇ ನಂಬಿಕೊಂಡಿದ್ದಾರೆ. ಅಲ್ಲಿ ಬಂದು ಕೂತ ಅಪರಿಚಿತ ಯಾವ ಪ್ರಶ್ನೆಗೂ ತನಗೆ ಬೇಕಾದ ಉತ್ತರ ಕೊಡಬಹುದು. ಗಣಕದಲ್ಲಿ ಇದರ ಪರಿಣಾಮ ಘೋರ. ಕೊಂಡಿಯನ್ನು ತೆಗೆಯುವಾಗ ಕರ್ನಲ್ ಎರಡೂ ನೆರೆಯ ವಿಳಾಸಗಳಲ್ಲಿ ಹೊಸ ಮಾಹಿತಿ ಬರೆಯುತ್ತದೆ. ಆ ವಿಳಾಸಗಳನ್ನು ತುಂಬಿಟ್ಟವನು ದಾಳಿಕೋರನಾಗಿದ್ದರೆ, ಅವನು ಹೇಳಿದ ಜಾಗದಲ್ಲಿ ಕರ್ನಲ್ ತಾನೇ ಕೈಯಾರೆ ಬರೆದಂತಾಗುತ್ತದೆ.

ಇದು ಬರಿಯ ಊಹೆಯಲ್ಲ. ಆಂಡ್ರಾಯ್ಡ್‌ನ ಬೈಂಡರ್ ಎಂಬ ಕರ್ನಲ್ ಭಾಗದಲ್ಲಿದ್ದ ಇಂಥ ದೋಷವೊಂದನ್ನು ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡ 2019ರ ಅಕ್ಟೋಬರ್‌ನಲ್ಲಿ ಬಹಿರಂಗಪಡಿಸಿತು. ಆ ಹೊತ್ತಿಗಾಗಲೇ ಅದು ನಿಜವಾದ ದಾಳಿಗಳಲ್ಲಿ ಬಳಕೆಯಾಗುತ್ತಿತ್ತೆಂದು ತಂಡ ಹೇಳಿತು. ಮೂಲ ಲಿನಕ್ಸ್‌ನಲ್ಲಿ 2018ರ ಆರಂಭದಲ್ಲೇ ದೋಷ ಸರಿಪಡಿಸಲ್ಪಟ್ಟಿದ್ದರೂ ಆ ತಿದ್ದುಪಡಿ ಹಲವು ಫೋನುಗಳನ್ನು ತಲುಪಿರಲಿಲ್ಲ. ಗೂಗಲ್‌ನ ಪಿಕ್ಸೆಲ್ 2, ಸ್ಯಾಮ್‌ಸಂಗ್‌ನ ಎಸ್8 ಮಾತ್ರವಲ್ಲ, ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗಿದ್ದ ಶಿಯೋಮಿಯ ರೆಡ್‌ಮಿ 5ಎ ಕೂಡ ಆ ಪಟ್ಟಿಯಲ್ಲಿತ್ತು. ದಾಳಿಯ ಮೊದಲ ಹೆಜ್ಜೆ ಯಾವುದು ಗೊತ್ತೇ? ಬಿಟ್ಟುಕೊಟ್ಟ ಮೆಮೊರಿಯಲ್ಲಿದ್ದ ಕೊಂಡಿಪಟ್ಟಿಯಿಂದ ಒಂದು ಕೊಂಡಿಯನ್ನು ಕರ್ನಲ್ ಕೈಯಿಂದಲೇ ತೆಗೆಸುವುದು, ಆ ಮೂಲಕ ಕರ್ನಲ್‌ನ ಒಳವಿಳಾಸವೊಂದನ್ನು ಹೊರಗೆ ಸೋರುವಂತೆ ಮಾಡುವುದು. ನೆರೆಯವರನ್ನು ವಿಚಾರಿಸುವ ಆ ಎರಡು ಹೋಲಿಕೆಗಳು ಅಲ್ಲಿ ನಡೆದಿದ್ದರೆ ಉತ್ತರ ತಾಳೆಯಾಗುತ್ತಿರಲಿಲ್ಲ.

ತಾಳೆಯಾಗಲಿಲ್ಲ ಎಂದಿಟ್ಟುಕೊಳ್ಳೋಣ. ಮುಂದೇನು? ನಿಜವಾದ ತೊಡಕು ಇಲ್ಲಿದೆ. ತಪ್ಪನ್ನು ಕಂಡ ಜಾಗವೇ ತಪ್ಪು ನಡೆದ ಜಾಗವಲ್ಲ. ಕೆಡಿಸಿದವರು ಯಾರೋ, ಯಾವಾಗಲೋ ಕೆಡಿಸಿ ಹೋಗಿರುತ್ತಾರೆ. ನೋಡಿದವನು ಸಾಮಾನ್ಯವಾಗಿ ನಿರಪರಾಧಿ. ಪಟ್ಟಿಯ ಈ ಒಂದು ಕೊಂಡಿಯಷ್ಟೇ ಕೆಟ್ಟಿದೆಯೇ, ಅಕ್ಕಪಕ್ಕದ ಸಾವಿರ ಸಂಗತಿಗಳೂ ಕೆಟ್ಟಿವೆಯೇ ಎಂದು ಹೇಳಬಲ್ಲವರು ಯಾರೂ ಇಲ್ಲ. ಡಿಸ್ಕಿಗೆ ಬರೆಯಲೆಂದು ಕಾದಿರುವ ನಿಮ್ಮ ಕಡತಗಳೂ ಅದೇ ಮೆಮೊರಿಯಲ್ಲಿವೆ. ಓಡುತ್ತಲೇ ಇದ್ದರೆ ಕಸವೇ ಡಿಸ್ಕಿಗೆ ಹೋಗಬಹುದು, ಅಲ್ಲಿಂದ ಬ್ಯಾಕಪ್‌ಗೂ ಹೋಗಬಹುದು. ಇಂದು ಸಂಜೆಯ ಕೆಲಸ ಕಳೆದುಕೊಳ್ಳುವುದು ಒಂದು ನಷ್ಟ. ಕೆಟ್ಟ ಕಡತಗಳನ್ನು ತಿಂಗಳುಗಟ್ಟಲೆ ಸರಿಯೆಂದು ನಂಬಿ ಕಾಪಾಡಿಕೊಳ್ಳುವುದು ಬೇರೆಯೇ ಬಗೆಯ ನಷ್ಟ.

ನಿಲ್ಲುವವರು, ಓಡುವವರು

ನಿಲ್ಲಿಸುವ ಪರಂಪರೆ ಹಳೆಯದು. ಯುನಿಕ್ಸ್‌ಗೆ ಮೊದಲಿದ್ದ ಮಲ್ಟಿಕ್ಸ್ ವ್ಯವಸ್ಥೆಯ ತಂತ್ರಜ್ಞ ಟಾಮ್ ವ್ಯಾನ್ ವ್ಲೆಕ್, ತಾನು ಬರೆಯುವುದರಲ್ಲಿ ಅರ್ಧದಷ್ಟು ತಪ್ಪುಗಳಿಂದ ಚೇತರಿಸಿಕೊಳ್ಳುವ ಸಂಕೇತವೇ ಆಗಿದೆ ಎಂದು ಯುನಿಕ್ಸ್ ನಿರ್ಮಾತೃಗಳಲ್ಲೊಬ್ಬರಾದ ಡೆನ್ನಿಸ್ ರಿಚಿಯವರ ಬಳಿ ಹೇಳಿಕೊಂಡರಂತೆ. ತಾವು ಅದನ್ನೆಲ್ಲ ಕೈಬಿಟ್ಟಿರುವುದಾಗಿ ರಿಚಿ ಉತ್ತರಿಸಿದರು. ತಪ್ಪಾದರೆ ಪ್ಯಾನಿಕ್ ಎಂಬ ಭಾಗಕ್ಕೆ ಕರೆ ಹೋಗುತ್ತದೆ, ಯಂತ್ರ ಬೀಳುತ್ತದೆ, ಮತ್ತೆ ಚಾಲೂ ಮಾಡಿ ಎಂದು ಪಡಸಾಲೆಯತ್ತ ಕೂಗಿ ಹೇಳುತ್ತೇವೆ, ಅಷ್ಟೇ! ಒಂದೇ ಕೊಠಡಿಯಲ್ಲಿ ಕೂತ ನಾಲ್ಕಾರು ಜನರಿಗೆ ಅದು ಸಾಕಿತ್ತು.

ಮೈಕ್ರೋಸಾಫ್ಟ್ ಇಂದಿಗೂ ಇದೇ ಪಕ್ಷದಲ್ಲಿದೆ. 2012ರ ವಿಂಡೋಸ್ 8ರಿಂದ ಕೊಂಡಿಪಟ್ಟಿ ಕೆಟ್ಟದ್ದು ಕಂಡರೆ ವಿಂಡೋಸ್ ಕರ್ನಲ್ ಮರುಮಾತಿಲ್ಲದೆ ಇಡೀ ಗಣಕವನ್ನು ನಿಲ್ಲಿಸುತ್ತದೆ. ಪರದೆಯ ಮೇಲೆ "ಕರ್ನಲ್ ಸೆಕ್ಯುರಿಟಿ ಚೆಕ್ ಫೇಲ್ಯೂರ್" ಎಂಬ ಸಂದೇಶ ಬಂದರೆ ಕಾರಣಗಳಲ್ಲಿ ಇದೂ ಒಂದು.

ಲಿನಕ್ಸ್‌ನ ಕಥೆ ಇಷ್ಟು ಸರಳವಲ್ಲ. ಅಲ್ಲಿ ತಪ್ಪು ಕಂಡಾಗ ಬಳಸಲು ಮುಖ್ಯವಾಗಿ ಎರಡು ಅಸ್ತ್ರಗಳಿವೆ. ಒಂದು 'ವಾರ್ನ್': ದಾಖಲೆ ಪುಸ್ತಕದಲ್ಲಿ ಎಚ್ಚರಿಕೆ ಬರೆದು ಮುಂದೆ ಹೋಗುವುದು. ಇನ್ನೊಂದು 'ಬಗ್': ಆ ಕ್ಷಣದಲ್ಲಿ ಕೆಲಸ ಮಾಡುತ್ತಿದ್ದ ಎಳೆಯನ್ನು ಅಲ್ಲೇ ಕೊಲ್ಲುವುದು. ಎರಡನೆಯದನ್ನು ಬೇಕಾಬಿಟ್ಟಿ ಬಳಸುವುದನ್ನು ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಬಹುಕಾಲದಿಂದ ವಿರೋಧಿಸುತ್ತ ಬಂದಿದ್ದಾರೆ. 2016ರ ಅಕ್ಟೋಬರ್‌ನಲ್ಲಿ 4.8ನೇ ಆವೃತ್ತಿ ಬಿಡುಗಡೆಯಾದ ಬೆನ್ನಲ್ಲೇ, ಕೊನೆಯ ಗಳಿಗೆಯಲ್ಲಿ ಸೇರಿದ ಇಂಥದೊಂದು ತಪಾಸಣೆ ಗಣಕಗಳನ್ನು ಉರುಳಿಸುತ್ತಿದೆ ಎಂದು ತಿಳಿದು ಅವರು ಬಹಿರಂಗವಾಗಿ ವಿಷಾದಿಸಿದರು. ಬರೆದವರನ್ನು ಕಟುವಾಗಿ ತರಾಟೆಗೂ ತೆಗೆದುಕೊಂಡರು.

ಅವರ ವಾದದಲ್ಲಿ ಹುರುಳಿದೆ. ಕರ್ನಲ್‌ನ ಎಳೆಯೊಂದನ್ನು ಕೊಂದರೆ ಅದು ಹಿಡಿದಿದ್ದ ಬೀಗಗಳು ಹಾಗೆಯೇ ಉಳಿಯುತ್ತವೆ. ಕೋಣೆಗೆ ಬೀಗ ಜಡಿದವನು ಕೀಲಿಕೈಯೊಂದಿಗೆ ಕಾಣೆಯಾದರೆ ಹೇಗೋ ಹಾಗೆ. ಆ ಬೀಗಕ್ಕಾಗಿ ಕಾಯುವ ಉಳಿದೆಲ್ಲ ಎಳೆಗಳೂ ಒಂದೊಂದಾಗಿ ನಿಲ್ಲುತ್ತವೆ. ಎಚ್ಚರಿಕೆಯ ಸಂದೇಶ ಡಿಸ್ಕನ್ನು ತಲುಪುವ ಮೊದಲೇ ಗಣಕ ಕಲ್ಲಾಗುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಬಳಸುವವರಿಗೆ ಕಾಣುವುದು ಹೆಪ್ಪುಗಟ್ಟಿದ ಚಿತ್ರ ಮಾತ್ರ. ಏನಾಯಿತೆಂದು ಅವರು ಹೇಳಲಾರರು. ಅವರು ಹೇಳದ ಹೊರತು ದೋಷ ಸರಿಹೋಗುವುದಿಲ್ಲ.

ಭದ್ರತಾ ತಜ್ಞರ ವಾದವೂ ಅಷ್ಟೇ ಗಟ್ಟಿ. ದಾಳಿ ನಡೆಯುತ್ತಿದೆ ಎಂದು ಗೊತ್ತಾದ ಮೇಲೂ ಎಚ್ಚರಿಕೆ ಬರೆದು ಸುಮ್ಮನಿರುವುದೆಂದರೆ ಕಳ್ಳನ ಹೆಸರನ್ನು ರಿಜಿಸ್ಟರಿನಲ್ಲಿ ಬರೆಸಿಕೊಂಡು ಒಳಗೆ ಬಿಟ್ಟಂತೆ. 2017ರ ನವೆಂಬರ್‌ನಲ್ಲಿ ಈ ಎರಡು ಪಕ್ಷಗಳ ನಡುವೆ ಜೋರು ಜಗಳವೇ ನಡೆಯಿತು. ಲಿನಕ್ಸ್ ಭದ್ರತೆಯ ಕೆಲಸದಲ್ಲಿ ಮುಂಚೂಣಿಯಲ್ಲಿರುವ ಕೀಸ್ ಕುಕ್ ಅವರ ತಿದ್ದುಪಡಿಗಳ ಕುರಿತು ಟೋರ್ವಾಲ್ಡ್ಸ್ ಬಳಸಿದ ಭಾಷೆ ಇಲ್ಲಿ ಅಚ್ಚು ಮಾಡುವಂಥದಲ್ಲ. ಮಾತಿನ ಸಾರ ಇಷ್ಟು: ಹೊಸ ತಪಾಸಣೆ ಮೊದಲು ವರದಿ ಮಾಡಲಿ; ಕೊಲ್ಲುವುದು ಆಮೇಲೆ.

ಸ್ವಾರಸ್ಯವೆಂದರೆ, ಇದೇ ಕುಕ್ ಅವರು ರೂಪಿಸಿದ್ದ ಮತ್ತೊಂದು ವ್ಯವಸ್ಥೆ ಅಷ್ಟರಲ್ಲಾಗಲೇ ಕರ್ನಲ್ ಸೇರಿತ್ತು. 2017ರ ಫೆಬ್ರವರಿಯಲ್ಲಿ ಬಂದ 4.10ನೇ ಆವೃತ್ತಿಯಲ್ಲಿ 'ಬಗ್ ಆನ್ ಡೇಟಾ ಕರಪ್ಷನ್' ಎಂಬ ಆಯ್ಕೆಯಿದೆ. ಕೊಂಡಿಪಟ್ಟಿ ತಾಳೆಯಾಗದಿದ್ದರೆ ಎಚ್ಚರಿಕೆ ಸಾಕೇ, ಎಳೆಯನ್ನು ಕೊಲ್ಲಬೇಕೇ ಎಂಬುದನ್ನು ಕರ್ನಲ್ ಕಟ್ಟುವವರೇ ನಿರ್ಧರಿಸಬಹುದು. ಎಚ್ಚರಿಕೆ ಸಾಕೆಂದರೂ ಒಂದು ಮಟ್ಟದ ರಕ್ಷಣೆಯಿದೆ. ಪಟ್ಟಿಯನ್ನು ಮುಟ್ಟುವ ಆ ಕೆಲಸವನ್ನೇ ಕರ್ನಲ್ ನಿರಾಕರಿಸುತ್ತದೆ. ದಾಳಿಕೋರ ತೋರಿಸಿದ ಜಾಗದಲ್ಲಿ ಬರೆಯುವುದಿಲ್ಲ, ಯಂತ್ರವನ್ನೂ ನಿಲ್ಲಿಸುವುದಿಲ್ಲ. ಈ ತಪಾಸಣೆ ಮೂಲತಃ ದೋಷ ಹುಡುಕುವವರಿಗೆಂದು ಬಂದದ್ದು. ದಿನಬಳಕೆಯ ಯಂತ್ರಗಳಲ್ಲಿಯೂ ಹಗುರವಾಗಿ ಓಡುವಂತೆ ಅದರ ಕಿರು ಆವೃತ್ತಿಯೊಂದು 2023ರ 6.6ನೇ ಕರ್ನಲ್‌ನಲ್ಲಿ ಸೇರಿತು.

ನಡುವಿನ ದಾರಿಗಳು

ನಿಲ್ಲುವುದು ಇಲ್ಲವೇ ಓಡುವುದು, ಇವೆರಡೇ ಅಲ್ಲ ಎಂಬುದು ಈ ವರ್ಷಗಳಲ್ಲಿ ಆದ ಮುಖ್ಯ ಕಲಿಕೆ. ನಷ್ಟದ ಮೇರೆ ಎಷ್ಟೆಂದು ಗೊತ್ತಿದ್ದರೆ ಅಷ್ಟನ್ನೇ ಕತ್ತರಿಸಬಹುದು. ಮೆಮೊರಿಯ ಇಂಥ ಪುಟ ಕೆಟ್ಟಿದೆ ಎಂದು ಯಂತ್ರಾಂಶವೇ ಖಚಿತವಾಗಿ ಹೇಳಿದಾಗ, ಆ ಪುಟವನ್ನು ಬದಿಗಿಟ್ಟು ಅದನ್ನು ಬಳಸುತ್ತಿದ್ದ ತಂತ್ರಾಂಶವನ್ನಷ್ಟೇ ಮುಚ್ಚುವ ವ್ಯವಸ್ಥೆ 2009ರಿಂದ ಲಿನಕ್ಸ್‌ನಲ್ಲಿದೆ. ಡಿಸ್ಕಿನ ವಿಷಯದಲ್ಲೂ ಹಾಗೆಯೇ. ಈಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ದೋಷ ಕಂಡರೆ ಮುಂದುವರಿಯಬೇಕೇ, ಇನ್ನು ಓದುವುದಕ್ಕೆ ಮಾತ್ರ ಅವಕಾಶ ಕೊಟ್ಟು ಬರೆಯುವುದನ್ನು ನಿಲ್ಲಿಸಬೇಕೇ, ಗಣಕವನ್ನೇ ನಿಲ್ಲಿಸಬೇಕೇ ಎಂದು ಮೊದಲೇ ಹೇಳಿಡಬಹುದು. ಈ ಮೂರರಲ್ಲಿ ಮಧ್ಯದ್ದು ನನಗೆ ತೀರಾ ವಿವೇಕದ್ದಾಗಿ ಕಾಣುತ್ತದೆ. ಇದ್ದದ್ದು ಉಳಿಯುತ್ತದೆ, ಕೆಟ್ಟದ್ದು ಬೆಳೆಯುವುದಿಲ್ಲ.

ಇನ್ನೊಂದು ಜಾಣತನ 2017ರಲ್ಲಿ 4.11ನೇ ಆವೃತ್ತಿಯೊಂದಿಗೆ ಬಂತು. ಒಂದು ವಸ್ತುವನ್ನು ಎಷ್ಟು ಮಂದಿ ಬಳಸುತ್ತಿದ್ದಾರೆ ಎಂದು ಕರ್ನಲ್ ಎಣಿಸುತ್ತಿರುತ್ತದೆ. ಎಣಿಕೆ ಸೊನ್ನೆಯಾದಾಗ ಆ ಮೆಮೊರಿಯನ್ನು ಬಿಟ್ಟುಕೊಡುತ್ತದೆ. ಹಳೆಯ ಗಾಡಿಯ ಮೀಟರಿನಂತೆ ಎಣಿಕೆ ಗರಿಷ್ಠ ಮುಟ್ಟಿ ಮತ್ತೆ ಸೊನ್ನೆಗೆ ತಿರುಗುವಂತೆ ಮಾಡುವುದು ದಾಳಿಕೋರರ ಹಳೆಯ ತಂತ್ರ. ಹೊಸ ಎಣಿಕೆಯಂತ್ರ ತಿರುಗುವುದಿಲ್ಲ, ಮೇಲೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಆ ಮೆಮೊರಿ ಶಾಶ್ವತವಾಗಿ ವ್ಯರ್ಥ, ನಿಜ. ಆದರೆ ಅದು ಕಳ್ಳನ ಕೈಗೆ ಸಿಗುವುದಿಲ್ಲ, ಯಂತ್ರವೂ ನಿಲ್ಲುವುದಿಲ್ಲ.

ಎಳೆ ಸತ್ತರೂ ಮುಂದುವರಿಯುವ ಉದಾರತೆಗೂ ಮಿತಿ ಬೇಕೆಂದು ಗೊತ್ತಾಯಿತು. ಪ್ರತಿ ಸಾವಿನಲ್ಲೂ ಕೆಲವು ಎಣಿಕೆಗಳು ಇಳಿಯದೆ ಉಳಿಯುತ್ತವೆ. ದಾಳಿಕೋರ ಬೇಕೆಂದೇ ಮತ್ತೆ ಮತ್ತೆ ಸಾಯಿಸುತ್ತ ಹೋದರೆ ಅದೇ ಅವನಿಗೆ ಏಣಿಯಾಗುತ್ತದೆ. ಆದ್ದರಿಂದ 2023ರ ಆರಂಭದಲ್ಲಿ ಬಂದ 6.2ನೇ ಆವೃತ್ತಿಯಿಂದ ಹೀಗೆ 10,000 ಸಲ ಆದರೆ ಯಂತ್ರ ತಾನಾಗಿ ಪ್ಯಾನಿಕ್ ಆಗುತ್ತದೆ. ಸಂಖ್ಯೆಯನ್ನು ಬದಲಿಸಿಕೊಳ್ಳಬಹುದು.

ಯಾರ ಯಂತ್ರ, ಯಾರ ತೀರ್ಮಾನ

ಲಿನಕ್ಸ್ ಬಳಗ ಕೊನೆಗೆ ಬಂದು ನಿಂತ ನೆಲೆ ಗಮನಾರ್ಹ. ಕರ್ನಲ್ ಬರೆಯುವವರಿಗಾಗಿ ಇರುವ ಅಧಿಕೃತ ಮಾರ್ಗಸೂಚಿಗೆ 2022ರಲ್ಲಿ ಒಂದು ಭಾಗ ಸೇರಿತು. ಯಂತ್ರವನ್ನು ಉರುಳಿಸುವ ತೀರ್ಮಾನ ಬಳಸುವವರಿಗೆ ಸೇರಿದ್ದು, ಬರೆಯುವವರಿಗಲ್ಲ ಎಂಬುದು ಅದರ ತಾತ್ಪರ್ಯ. ತಪ್ಪಿಸಲಾಗದ ದತ್ತಾಂಶ ಹಾನಿ ಮತ್ತು ಭದ್ರತೆಯ ಪ್ರಶ್ನೆಗಳು ತೀರಾ ಅಪರೂಪದ ಅಪವಾದಗಳು. ಅದಕ್ಕೂ ಸಕಾರಣ ಬೇಕು.

ಬಳಸುವವರ ಅಗತ್ಯಗಳಾದರೂ ಒಂದೇ ತೆರನಾಗಿಲ್ಲ. ಸಾವಿರಾರು ಸರ್ವರ್‌ಗಳಿರುವ ಕಡೆ ಒಂದು ಬಿದ್ದರೆ ಅದರ ಕೆಲಸವನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಅಲ್ಲಿನವರು ಎಚ್ಚರಿಕೆ ಬಂದರೂ ಸಾಕು, ಯಂತ್ರ ನಿಲ್ಲಲಿ ಎಂದು ಹೊಂದಿಸಿಟ್ಟಿರುತ್ತಾರೆ. ಬೀಳುವ ಮುನ್ನ ಮೊದಲೇ ಕಾದಿರಿಸಿದ ಪುಟ್ಟ ಕರ್ನಲ್ ಒಂದು ಎದ್ದು, ಸತ್ತ ಕರ್ನಲ್‌ನ ಮೆಮೊರಿಯನ್ನು ಮರಣೋತ್ತರ ಪರೀಕ್ಷೆಗಾಗಿ ಉಳಿಸಿಡುತ್ತದೆ. ನಮ್ಮ ಹಣ, ಗುಟ್ಟು, ಓಟಿಪಿಗಳೆಲ್ಲ ಇರುವ ಫೋನಿಗೂ ನಿಲ್ಲುವುದೇ ಒಳ್ಳೆಯದು. ಎರಡು ನಿಮಿಷದಲ್ಲಿ ಅದು ಮತ್ತೆ ಎದ್ದು ನಿಲ್ಲುತ್ತದೆ, ದಾಳಿಕೋರ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕಚೇರಿಗೆ ಇರುವುದೊಂದೇ ಸರ್ವರ್, ಅದೂ ತಿಂಗಳ ಕೊನೆಯ ದಿನ ಎಂದಾದರೆ ಮಾತು ಬೇರೆ. ಬೇಸರದ ಸಂಗತಿಯೆಂದರೆ ಸಾಮಾನ್ಯ ಬಳಕೆದಾರನನ್ನು ಈ ಪ್ರಶ್ನೆ ತಲುಪುವುದೇ ಇಲ್ಲ. ತೀರ್ಮಾನ ಅವನದೆಂದು ಮಾರ್ಗಸೂಚಿ ಹೇಳುತ್ತದೆ. ವಾಸ್ತವದಲ್ಲಿ ಫೋನ್ ತಯಾರಿಸಿದವರೋ ಲಿನಕ್ಸ್ ಹಂಚುವವರೋ ಅವನ ಪರವಾಗಿ ತೀರ್ಮಾನಿಸಿ ಮುಗಿಸಿರುತ್ತಾರೆ.

ನಿಲ್ಲಿಸುವವರ ಲೆಕ್ಕಾಚಾರದಲ್ಲಿಯೂ ಒಂದು ನಂಬಿಕೆ ಅಡಗಿದೆ: ಮತ್ತೆ ಚಾಲೂ ಮಾಡಿದರೆ ಎಲ್ಲ ಶುದ್ಧವಾಗುತ್ತದೆ ಎಂಬುದು. ಕೆಟ್ಟದ್ದು ಮೆಮೊರಿಯಲ್ಲಿದ್ದರೆ ಅದು ನಿಜ. ಕ್ರೌಡ್‌ಸ್ಟ್ರೈಕ್ ಪ್ರಕರಣದಲ್ಲಿ ಕೆಟ್ಟ ಕಡತ ಡಿಸ್ಕಿನಲ್ಲೇ ಕೂತಿತ್ತು. ಗಣಕ ಏಳುತ್ತಿತ್ತು, ಕಡತ ಓದುತ್ತಿತ್ತು, ಮತ್ತೆ ಬೀಳುತ್ತಿತ್ತು. ಕೊನೆಗೆ ಅನೇಕ ಕಡೆ ಸಿಬ್ಬಂದಿ ಒಂದೊಂದು ಯಂತ್ರದ ಮುಂದೆಯೂ ಕೂತು ಸೇಫ್ ಮೋಡ್‌ನಲ್ಲಿ ಆ ಕಡತವನ್ನು ಅಳಿಸಬೇಕಾಯಿತು.

ಬೀಳುವಾಗ ಕಾರಣ ಹೇಳಿ ಬೀಳುವ ವಿಷಯದಲ್ಲಂತೂ ಸುಧಾರಣೆಯಾಗಿದೆ. ವಿಂಡೋಸ್ 11ರ ನೀಲಿ ಪರದೆ 2025ರಲ್ಲಿ ಕಪ್ಪಾಯಿತು, ಸಂದೇಶ ಮೊದಲಿಗಿಂತ ಚುಟುಕಾಯಿತು. ಲಿನಕ್ಸ್‌ನಲ್ಲಿ 2024ರಿಂದ ಪ್ಯಾನಿಕ್ ಸಂದೇಶವನ್ನು ಪರದೆಯ ಮೇಲೆಯೇ ತೋರಿಸುವ ಏರ್ಪಾಡಿದೆ. ಆ ವರ್ಷದ ನವೆಂಬರ್‌ನಲ್ಲಿ ಬಂದ 6.12ನೇ ಆವೃತ್ತಿಯಲ್ಲಿ ಅದು ಕ್ಯೂಆರ್ ಸಂಕೇತವಾಗಿಯೂ ಮೂಡಬಲ್ಲದು. ಫೋನ್ ಹಿಡಿದು ಚಿತ್ರ ತೆಗೆದರೆ ವಿವರ ಸಿಗುತ್ತದೆ.

ನಿಮ್ಮ ಗಣಕ ಇಂಥ ಸಂದೇಶದೊಂದಿಗೆ ನಿಂತರೆ ಪವರ್ ಗುಂಡಿ ಒತ್ತುವ ಮುನ್ನ ಆ ಚಿತ್ರ ತೆಗೆದಿಟ್ಟುಕೊಳ್ಳಿ. ಎರಡು ಮೂರು ಬಾರಿ ಆದ ಮೇಲೆ ಚಿತ್ರಗಳನ್ನು ಹೋಲಿಸಿ ನೋಡಿ. ಪ್ರತಿ ಸಲವೂ ಅದೇ ಚಾಲಕ ತಂತ್ರಾಂಶದ ಹೆಸರು ಬಂದರೆ ಅದನ್ನು ಪರಿಷ್ಕರಿಸಿ ಅಥವಾ ತೆಗೆದುಹಾಕಿ. ಪ್ರತಿ ಸಲ ಬೇರೆ ಬೇರೆ ಜಾಗ, ಬೇರೆ ಬೇರೆ ಹೆಸರು ಬರುತ್ತಿದ್ದರೆ ಮೆಮೊರಿ ಪಟ್ಟಿಕೆಯ ಮೇಲೆ ಅನುಮಾನ ಪಡಬೇಕು. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಅನ್ನಾಗಲೀ ಮೆಮ್‌ಟೆಸ್ಟ್ ತಂತ್ರಾಂಶವನ್ನಾಗಲೀ ಒಂದು ರಾತ್ರಿ ಪೂರ್ತಿ ಓಡಲು ಬಿಡಿ. ಅದಕ್ಕೂ ಮೊದಲು, ಮುಖ್ಯ ಕಡತಗಳ ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆ ಹೊಸದನ್ನು ಬರೆಯಬೇಡಿ.